ಕಣ್ಣು ಕೊಟ್ಟು ಅರಿವು ಕೊಂಡ ಓಡಿನ್

ಉತ್ತರ ಯುರೋಪಿನ ನಾರ್ಸ್ ಮತ್ತು ಜರ್ಮನಿಕ್ ಪುರಾಣಗಳಲ್ಲಿ ದೇವತೆಗಳ ಒಡೆಯ ಓಡಿನ್. ಯುದ್ಧ, ಸಾವು, ಕಾವ್ಯ, ಮಂತ್ರವಿದ್ಯೆ, ಗುಟ್ಟಿನ ಅರಿವು ಎಲ್ಲವೂ ಅವನ ಪಾಲಿಗೆ ಸೇರಿದವು. ಒಂದೇ ಕಣ್ಣು, ಉದ್ದ ಗಡ್ಡ, ಮುಖ ಮರೆಸುವ ಅಗಲದ ಟೋಪಿ, ನೀಲಿ ನಿಲುವಂಗಿ ತೊಟ್ಟ ಅಪರಿಚಿತ ಮುದುಕನೊಬ್ಬ ರಾಜನ ಮನೆ ಬಾಗಿಲಿಗೆ ಬಂದನೆಂದರೆ, ಅವನು ಯಾರೆಂಬುದು ಕಥೆಯೊಳಗಿನವರಿಗಿಂತ ಮೊದಲು ಕೇಳುಗರಿಗೆ ತಿಳಿಯುತ್ತದೆ. ಅನೇಕ ಪುರಾಣಗಳಲ್ಲಿ ದೇವರಾಜನ ಕೈಯಲ್ಲಿ ಸಿಡಿಲಿರುತ್ತದೆ. ಇಲ್ಲಿ ಸಿಡಿಲು ಮಗ ಥಾರ್‌ನದು. ಓಡಿನ್‌ನ ಬಲವಿರುವುದು ತಿಳಿವಳಿಕೆಯಲ್ಲಿ. ಆ ತಿಳಿವಳಿಕೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದರ ಒಂದೊಂದು ಪಾಲಿಗೂ ಅವನು ಬೆಲೆ ತೆತ್ತಿದ್ದಾನೆ, ಕೆಲವೊಮ್ಮೆ ಬೇರೆಯವರಿಂದ ತೆರಿಸಿದ್ದಾನೆ.

ಸ್ಕ್ಯಾಂಡಿನೇವಿಯಾದ ಓಡಿನ್ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ನರಿಗೆ ವೋಡೆನ್, ಹಳೆಯ ಜರ್ಮನ್ ನಾಡುಗಳಲ್ಲಿ ವೋಡನ್ ಅಥವಾ ವೂಟನ್. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನಿಕ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಅವರು ಎಲ್ಲರಿಗಿಂತ ಹೆಚ್ಚಾಗಿ ಪೂಜಿಸುವುದು ಮರ್ಕ್ಯುರಿಯನ್ನು, ಗೊತ್ತಾದ ದಿನಗಳಲ್ಲಿ ಅವನಿಗೆ ನರಬಲಿಯನ್ನೂ ಕೊಡುತ್ತಾರೆ ಎಂದಿದ್ದಾನೆ. ಪರರ ದೇವರುಗಳನ್ನು ತಮ್ಮ ದೇವರುಗಳ ಹೆಸರಿನಿಂದ ಕರೆಯುವುದು ರೋಮನ್ನರ ರೂಢಿ. ಅವನು ಹೇಳಿದ ಮರ್ಕ್ಯುರಿ ವೋಡನ್‌ನೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಇಬ್ಬರೂ ದಾರಿಹೋಕರು, ಇಬ್ಬರೂ ಸತ್ತವರ ಜೊತೆ ನಂಟುಳ್ಳವರು. ಗ್ರಹಗಳ ಹೆಸರಿನ ವಾರ ರೋಮಿನಿಂದ ಉತ್ತರಕ್ಕೆ ಹೋದಾಗಲೂ ಮರ್ಕ್ಯುರಿಯ ದಿನ ವೋಡೆನ್‌ನ ದಿನವಾಯಿತು. ಇಂಗ್ಲಿಷಿನ ವೆಡ್ನೆಸ್‌ಡೇ ಅದೇ. ಅದೇ ಗ್ರಹವಾರ ಭಾರತಕ್ಕೂ ಬಂದು ನೆಲೆಸಿದ್ದರಿಂದ, ಕನ್ನಡದಲ್ಲಿ ಆ ದಿನ ಬುಧವಾರ.

ಓಡಿನ್‌ನ ಹೆಸರು ಕೊರೆದ ವಸ್ತುಗಳು ನೆಲದಡಿಯಿಂದ ಈಗಲೂ ಹೊರಬರುತ್ತಿವೆ. ಜರ್ಮನಿಯ ಬವೇರಿಯಾದಲ್ಲಿ 1843ರಲ್ಲಿ ಸಿಕ್ಕ, 6ನೇ ಶತಮಾನದ ಒಂದು ಉಡುಪಿನ ಪಿನ್ನಿನ ಮೇಲೆ ವೋಡನ್‌ನ ಹೆಸರು ರೂನ್ ಎಂಬ ಹಳೆಯ ಲಿಪಿಯಲ್ಲಿದೆ. ಬಹುಕಾಲ ಅದನ್ನೇ ಅತ್ಯಂತ ಹಳೆಯ ಬರಹವೆಂದು ಎಣಿಸಲಾಗಿತ್ತು. 2020ರಲ್ಲಿ ಡೆನ್ಮಾರ್ಕಿನ ವಿಂಡೆಲೆವ್ ಎಂಬಲ್ಲಿ ಮುಕ್ಕಾಲು ಕಿಲೋಗೂ ಹೆಚ್ಚು ಚಿನ್ನದ ಹೂಳಿಟ್ಟ ನಿಧಿ ಸಿಕ್ಕಿತು. ಅದರಲ್ಲಿದ್ದ ಒಂದು ಪದಕದ ಬರಹವನ್ನು 2023ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ತಜ್ಞರು ಓದಿ ಪ್ರಕಟಿಸಿದರು. ಒಬ್ಬ ಪ್ರಭುವನ್ನು ಅದು ಓಡಿನ್‌ನ ಆಳು ಎಂದು ಹೊಗಳುತ್ತದೆ. ಪದಕ 5ನೇ ಶತಮಾನದ ಮೊದಲ ಭಾಗದ್ದು. ಓಡಿನ್ ಹೆಸರಿನ ಲಿಖಿತ ದಾಖಲೆ ಒಂದೇ ಏಟಿಗೆ ಸುಮಾರು 150 ವರ್ಷ ಹಿಂದಕ್ಕೆ ಹೋಯಿತು.

ಜರ್ಮನಿಯ ಮೆರ್ಸೆಬರ್ಗ್ ಚರ್ಚಿನ ಗ್ರಂಥಭಂಡಾರದಲ್ಲಿ 1841ರಲ್ಲಿ ಸಿಕ್ಕ, 10ನೇ ಶತಮಾನದ ಹಸ್ತಪ್ರತಿಯೊಂದು ಭಾರತದ ಓದುಗರು ನಿಂತು ನೋಡಬೇಕಾದದ್ದು. ಅದರಲ್ಲಿರುವುದು ಒಂದು ಚಿಕಿತ್ಸೆಯ ಮಂತ್ರ. ಕಾಡಿನಲ್ಲಿ ಹೋಗುವಾಗ ದೇವತೆ ಬಾಲ್ಡರ್‌ನ ಕುದುರೆಯ ಕಾಲು ಉಳುಕುತ್ತದೆ. ಬೇರೆ ದೇವತೆಗಳು ಮಂತ್ರ ಹಾಕಿದ ಮೇಲೆ ವೋಡನ್ ತಾನು ಬಲ್ಲ ಮಂತ್ರ ಹಾಕಿ, ಮೂಳೆಗೆ ಮೂಳೆ, ರಕ್ತಕ್ಕೆ ರಕ್ತ, ಕೀಲಿಗೆ ಕೀಲು ಕೂಡುವಂತೆ ಮಾಡುತ್ತಾನೆ. ಅಥರ್ವವೇದದ ನಾಲ್ಕನೇ ಕಾಂಡದಲ್ಲಿ ಮುರಿದ ಮೂಳೆಗಾಗಿ ರೋಹಿಣಿ ಎಂಬ ಮೂಲಿಕೆಯನ್ನು ಕರೆಯುವ ಸೂಕ್ತವಿದೆ. ಅಲ್ಲಿಯೂ ಮಜ್ಜೆ ಮಜ್ಜೆಯೊಡನೆ, ಮಾಂಸ ಮಾಂಸದೊಡನೆ, ಚರ್ಮ ಚರ್ಮದೊಡನೆ ಸೇರಲಿ ಎಂದೇ ಹಾರೈಕೆ. 19ನೇ ಶತಮಾನದಲ್ಲಿ ಅಡಾಲ್ಬರ್ಟ್ ಕುನ್ ಎಂಬ ಜರ್ಮನ್ ವಿದ್ವಾಂಸ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ಒಂದೇ ಮೂಲದಿಂದ ಬಂದವೋ, ಗಾಯ ಕಂಡ ಮನುಷ್ಯರು ಎಲ್ಲೆಡೆ ಹೀಗೆಯೇ ಹಾರೈಸುತ್ತಾರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ವೋಡೆನ್ ಅರಸು ಮನೆತನಗಳ ಮೂಲಪುರುಷನೂ ಹೌದು. ಆಂಗ್ಲೋ-ಸ್ಯಾಕ್ಸನ್ ರಾಜವಂಶಗಳಲ್ಲಿ ಹೆಚ್ಚಿನವು ಅವನಿಂದಲೇ ತಮ್ಮ ವಂಶಾವಳಿ ತೊಡಗಿಸುತ್ತವೆ. ಕ್ರೈಸ್ತ ಸನ್ಯಾಸಿ ಬೀಡ್ ಕೂಡ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಅದನ್ನು ದಾಖಲಿಸಿದ್ದಾನೆ. ಇಟಲಿಯನ್ನು ಗೆದ್ದ ಲೊಂಬಾರ್ಡರ ಕಥೆ ಇನ್ನೂ ಸೊಗಸು. ಯುದ್ಧಕ್ಕೆ ಮೊದಲು ಶತ್ರುಗಳಾದ ವ್ಯಾಂಡಲರು ಗೋಡನ್‌ನ ಬಳಿ ಜಯ ಬೇಡಿದರು. ಗೋಡನ್ ಎಂದರೆ ವೋಡನ್‌ನೇ. ಸೂರ್ಯ ಮೂಡುವಾಗ ಮೊದಲು ಯಾರನ್ನು ಕಾಣುತ್ತೇನೋ ಅವರಿಗೆ ಜಯ ಎಂದ ಅವನು. ಇತ್ತ ಆಗ ವಿನಿಲಿ ಎಂಬ ಹೆಸರಿದ್ದ ಲೊಂಬಾರ್ಡರು ಅವನ ಹೆಂಡತಿ ಫ್ರೇಯಳ ಮೊರೆ ಹೊಕ್ಕರು. ಆಕೆ ಹೇಳಿಕೊಟ್ಟಂತೆ ಹೆಂಗಸರೂ ಕೂದಲನ್ನು ಗಡ್ಡದಂತೆ ಮುಖದ ಸುತ್ತ ಇಳಿಬಿಟ್ಟು ಗಂಡಸರ ಜೊತೆ ನಿಂತರು. ಬೆಳಗಾಗುವಾಗ ಫ್ರೇಯ ಗಂಡನ ಮಂಚವನ್ನು ಪೂರ್ವಕ್ಕೆ ತಿರುಗಿಸಿ ಎಬ್ಬಿಸಿದಳು. ಕಣ್ಣು ಬಿಟ್ಟವನು ಈ ಉದ್ದ ಗಡ್ಡದವರು ಯಾರು ಎಂದು ಕೇಳಿದ. ಹೆಸರು ಕೊಟ್ಟಿರಿ, ಇನ್ನು ಗೆಲುವನ್ನೂ ಕೊಡಿ ಎಂದಳು ಆಕೆ. ಉದ್ದ ಗಡ್ಡದವರು ಅಂದಿನಿಂದ ಲೊಂಬಾರ್ಡರಾದರು.

ಓಡಿನ್‌ನ ಪೂರ್ಣ ಚಿತ್ರ ಸಿಗುವುದು ಐಸ್‌ಲ್ಯಾಂಡಿನಲ್ಲಿ. ಕ್ರಿ.ಶ. 1000ದ ಸುಮಾರಿಗೆ ಆ ದ್ವೀಪ ಕ್ರೈಸ್ತ ಧರ್ಮಕ್ಕೆ ಸೇರಿತು. ಆದರೆ ಅಲ್ಲಿನವರು ಹಳೆಯ ಹಾಡುಗಳನ್ನು ಬಿಟ್ಟುಕೊಡಲಿಲ್ಲ. 1220ರ ಸುಮಾರಿಗೆ ಸ್ನೋರಿ ಸ್ಟರ್ಲುಸನ್ ಎಂಬ ಮುಖಂಡ, ಇತಿಹಾಸಕಾರ, ಕವಿ ಹೊಸ ಕವಿಗಳಿಗೆ ಹಳೆಯ ರೂಪಕಗಳು ಅರ್ಥವಾಗಲೆಂದು ಗದ್ಯ ಎಡ್ಡಾ ಬರೆದ. ಪುರಾಣ ಗೊತ್ತಿಲ್ಲದವನಿಗೆ ಆ ಕಾವ್ಯ ಒಗಟಾಗಿಬಿಡುತ್ತಿತ್ತು. ಹಳೆಯ ಹಾಡುಗಳ ಸಂಗ್ರಹವಾದ ಪದ್ಯ ಎಡ್ಡಾದ ಮುಖ್ಯ ಹಸ್ತಪ್ರತಿ 13ನೇ ಶತಮಾನದ ಉತ್ತರಾರ್ಧದ್ದು. ಅದನ್ನು 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಕಳಿಸಲಾಗಿತ್ತು. ಮೂರು ಶತಮಾನದ ಬಳಿಕ, 1971ರಲ್ಲಿ ಅದು ಯುದ್ಧನೌಕೆಯಲ್ಲಿ ತಾಯ್ನಾಡಿಗೆ ಮರಳಿದಾಗ ಬಂದರಿನಲ್ಲಿ ಜನ ಕಿಕ್ಕಿರಿದಿದ್ದರು. ಈ ಎಲ್ಲ ಬರಹ ಕ್ರೈಸ್ತರ ಕೈಯಿಂದ ಬಂದದ್ದು ಎಂಬುದನ್ನು ಓದುವಾಗ ಮರೆಯಬಾರದು. ಆದರೂ ಅದರೊಳಗಿನ ಕೆಲವು ಪದ್ಯಗಳು ಅದಕ್ಕಿಂತ ಬಹಳ ಹಳೆಯವು.

ಈ ಎಡ್ಡಾಗಳ ಪ್ರಕಾರ ಓಡಿನ್‌ನ ತಂದೆ ಬೋರ್, ತಾಯಿ ದೈತ್ಯ ಕುಲದ ಬೆಸ್ಟ್ಲಾ, ತಮ್ಮಂದಿರು ವಿಲಿ ಮತ್ತು ವೇ. ಮೂವರೂ ಸೇರಿ ಆದಿದೈತ್ಯ ಈಮಿರ್‌ನನ್ನು ಕೊಂದು ಅವನ ಮೈಯಿಂದ ಲೋಕವನ್ನು ಕಟ್ಟಿದರು. ಮಾಂಸ ಮಣ್ಣಾಯಿತು, ರಕ್ತ ಕಡಲಾಯಿತು, ಮೂಳೆ ಬೆಟ್ಟವಾಯಿತು, ತಲೆಬುರುಡೆ ಆಕಾಶವಾಯಿತು. ಕಡಲ ದಂಡೆಯಲ್ಲಿ ಬಿದ್ದಿದ್ದ ಎರಡು ಮರದ ತುಂಡುಗಳಿಗೆ ಉಸಿರು ತುಂಬಿ ಮೊದಲ ಗಂಡು ಹೆಣ್ಣುಗಳನ್ನು ಮಾಡಿದರು.

ಲೋಕ ಕಟ್ಟಿದವನಿಗೆ ಲೋಕ ಪೂರ್ತಿ ತಿಳಿದಿಲ್ಲ ಎಂಬುದರಿಂದ ಓಡಿನ್‌ನ ನಿಜವಾದ ಕಥೆ ಶುರುವಾಗುತ್ತದೆ. ಲೋಕವೃಕ್ಷ ಇಗ್‌ಡ್ರಸಿಲ್‌ನ ಒಂದು ಬೇರಿನ ಕೆಳಗೆ ಮಿಮಿರ್ ಎಂಬ ಜ್ಞಾನಿಯ ಬಾವಿ ಇದೆ. ಅದರ ನೀರಿನಲ್ಲಿ ಅರಿವು ಅಡಗಿದೆ. ಒಂದು ಗುಟುಕು ಬೇಕೆಂದು ಹೋದ ಓಡಿನ್‌ನಿಂದ ಬೆಲೆಯಾಗಿ ಹೋದದ್ದು ಒಂದು ಕಣ್ಣು. ಅವನು ಅದನ್ನು ಬಾವಿಯಲ್ಲಿಟ್ಟು ಕುಡಿದ. ದೇವತೆಗಳ ನಡುವೆ ಯುದ್ಧವಾಗಿ ಮಿಮಿರ್‌ನ ತಲೆ ಕತ್ತರಿಸಿಹೋದಾಗ ಓಡಿನ್ ಆ ತಲೆಯನ್ನು ಮೂಲಿಕೆಗಳಿಂದ ಕೆಡದಂತೆ ಕಾಪಿಟ್ಟು, ಮಂತ್ರ ಹಾಕಿ ಮಾತಾಡಿಸಿ, ಕಷ್ಟ ಬಂದಾಗಲೆಲ್ಲ ಅದರ ಸಲಹೆ ಕೇಳಿದ ಎಂದು ಸ್ನೋರಿಯ ಇನ್ನೊಂದು ಗ್ರಂಥ ಹೇಳುತ್ತದೆ.

ಇದಕ್ಕಿಂತ ಕಠಿಣವಾದದ್ದು ಮರದ ಮೇಲಿನ ಒಂಬತ್ತು ರಾತ್ರಿ. ಹಾವಮಾಲ್ ಎಂಬ ಪದ್ಯದಲ್ಲಿ ಓಡಿನ್ ತಾನೇ ಅದನ್ನು ಹೇಳಿಕೊಳ್ಳುತ್ತಾನೆ. ಗಾಳಿಗೆ ತೂಗುವ ಮರದಲ್ಲಿ, ಈಟಿಯ ಗಾಯ ಹೊತ್ತು, ಅನ್ನ ನೀರಿಲ್ಲದೆ ಅವನು ನೇತಾಡಿದ. ಬಲಿ ಕೊಟ್ಟವನೂ ಅವನೇ, ಬಲಿಯಾದವನೂ ಅವನೇ, ಬಲಿ ಪಡೆದ ದೇವರೂ ಅವನೇ. ಕೊನೆಗೆ ಕೆಳಗೆ ಬಾಗಿ, ಚೀರುತ್ತ ರೂನ್ ಅಕ್ಷರಗಳನ್ನು ಬಾಚಿಕೊಂಡು ಮರದಿಂದ ಬಿದ್ದ. ಕ್ರಿಸ್ತನ ಶಿಲುಬೆಯ ನೆರಳು ಇದರ ಮೇಲೆ ಬಿದ್ದಿದೆಯೆಂದು ಹಿಂದೆ ಕೆಲವರು ವಾದಿಸಿದ್ದುಂಟು. ಆದರೆ ನೇಣು ಮತ್ತು ಈಟಿಯಿಂದ ಓಡಿನ್‌ಗೆ ಬಲಿ ಕೊಡುವ ವಿಧಿ ಬೇರೆ ಕಥೆಗಳಲ್ಲೂ ಬರುತ್ತದೆ. ಇಲ್ಲಿ ದೇವರು ತನಗೆ ಸಲ್ಲುವ ಬಲಿಯ ವಿಧಿಗೆ ತನ್ನನ್ನೇ ಒಡ್ಡಿಕೊಳ್ಳುತ್ತಾನೆ. ಇನ್ನೊಬ್ಬರ ಪಾಪಕ್ಕಾಗಿ ಅಲ್ಲ, ತಿಳಿಯಬೇಕೆಂಬ ತನ್ನದೇ ಹಸಿವಿಗಾಗಿ. ಆ ವ್ಯತ್ಯಾಸ ಸಣ್ಣದಲ್ಲ.

ಕಾವ್ಯದ ಮಧು ಅವನ ಕೈ ಸೇರಿದ್ದು ಮಾತ್ರ ಕಳ್ಳತನದಿಂದ. ಎರಡು ದೇವಕುಲಗಳು ಸಂಧಿ ಮಾಡಿಕೊಂಡು ಒಂದೇ ಪಾತ್ರೆಗೆ ಉಗುಳಿದಾಗ ಆ ಉಗುಳಿನಿಂದ ಕ್ವಾಸಿರ್ ಎಂಬ ಮಹಾಜ್ಞಾನಿ ಹುಟ್ಟಿದ. ಇಬ್ಬರು ಕುಬ್ಜರು ಅವನನ್ನು ಕೊಂದು ರಕ್ತಕ್ಕೆ ಜೇನು ಬೆರೆಸಿ ಮಧು ತಯಾರಿಸಿದರು. ಕುಡಿದವನು ಕವಿಯಾಗುತ್ತಾನೆ ಅಥವಾ ವಿದ್ವಾಂಸನಾಗುತ್ತಾನೆ. ಅದು ಕೈಯಿಂದ ಕೈಗೆ ದಾಟಿ ದೈತ್ಯ ಸುತ್ತುಂಗ್‌ನ ಪಾಲಾಯಿತು. ಬೆಟ್ಟದೊಳಗೆ ಅವನ ಮಗಳು ಗುನ್‌ಲೋಡ್ ಕಾವಲು. ಓಡಿನ್ ಸುಳ್ಳು ಹೆಸರಿನಲ್ಲಿ ಬಂದು, ಹುಲ್ಲು ಕೊಯ್ಯುತ್ತಿದ್ದ ಒಂಬತ್ತು ಆಳುಗಳು ಒಬ್ಬರನ್ನೊಬ್ಬರು ಕೊಂದುಕೊಳ್ಳುವಂತೆ ಮಾಡಿ, ಅವರ ಕೆಲಸವನ್ನು ತಾನೊಬ್ಬನೇ ಒಂದು ಬೇಸಿಗೆ ಪೂರ್ತಿ ದುಡಿದ. ಕೂಲಿ ಸಿಗದಾಗ ಬೆಟ್ಟಕ್ಕೆ ತೂತು ಕೊರೆಸಿ ಹಾವಾಗಿ ಒಳಗೆ ನುಸುಳಿದ. ಗುನ್‌ಲೋಡ್‌ಳ ಜೊತೆ ಮೂರು ರಾತ್ರಿ ಕಳೆದು, ಮೂರು ಗುಟುಕಿಗೆ ಅವಳಿಂದ ಒಪ್ಪಿಗೆ ಪಡೆದು, ಮೂರು ಪಾತ್ರೆಗಳನ್ನೂ ಬರಿದು ಮಾಡಿ, ಹದ್ದಾಗಿ ಹಾರಿದ. ದೇವತೆಗಳು ಅಂಗಳದಲ್ಲಿಟ್ಟ ಪಾತ್ರೆಗಳಿಗೆ ಅವನು ಮಧುವನ್ನು ಕಾರಿದ್ದು ಒಳ್ಳೆಯ ಕವಿಗಳಿಗೆ ಸಂದಿತು. ಬೆನ್ನಟ್ಟಿದ ಸುತ್ತುಂಗ್‌ನ ಭಯಕ್ಕೆ ಹಿಂದಿನಿಂದ ಹೊರಬಿದ್ದದ್ದು ಕೆಟ್ಟ ಕವಿಗಳ ಪಾಲಾಯಿತು. ಅಳುತ್ತ ಉಳಿದ ಗುನ್‌ಲೋಡ್‌ಳನ್ನು ಹಾವಮಾಲ್ ಮರೆತಿಲ್ಲ. ತಾನು ಅವಳಿಗೆ ಮಾಡಿದ ಮೋಸವನ್ನು ಓಡಿನ್ ಅಲ್ಲಿ ಮುಚ್ಚಿಡುವುದಿಲ್ಲ.

ಸೈದರ್ ಎಂಬ ಮಾಟವಿದ್ಯೆಯನ್ನು ಅವನು ಕಲಿತದ್ದೂ ಮಾನ ಒತ್ತೆಯಿಟ್ಟೇ. ಅದು ಹೆಂಗಸರ ವಿದ್ಯೆ, ಗಂಡಸರು ಮಾಡಿದರೆ ನಾಚಿಕೆಗೇಡು ಎಂದು ಆ ಸಮಾಜ ಎಣಿಸಿತ್ತು. ಅದನ್ನು ದೇವಲೋಕಕ್ಕೆ ತಂದವಳು ಇನ್ನೊಂದು ದೇವಕುಲದ ಫ್ರೇಯಾ, ಲೊಂಬಾರ್ಡರ ಕಥೆಯ ಫ್ರೇಯಳಲ್ಲ. ತುಂಬಿದ ಸಭೆಯಲ್ಲಿ ಲೋಕಿ ಎಂಬ ಕುತಂತ್ರಿ ದೇವತೆ ಓಡಿನ್‌ನನ್ನು ಇದೇ ಮಾತೆತ್ತಿ ಹಂಗಿಸುತ್ತಾನೆ.

ಹ್ಲಿದ್‌ಸ್ಕ್ಯಾಲ್ಫ್ ಎಂಬ ಎತ್ತರದ ಪೀಠದಲ್ಲಿ ಕುಳಿತರೆ ಓಡಿನ್‌ಗೆ ಎಲ್ಲ ಲೋಕಗಳೂ ಕಾಣುತ್ತವೆ. ಆದರೂ ಅವನು ಪ್ರತಿದಿನ ಹುಗಿನ್, ಮುನಿನ್ ಎಂಬ ಎರಡು ಕಾಡುಕಾಗೆಗಳನ್ನು ಸುದ್ದಿಗೆ ಕಳಿಸುತ್ತಾನೆ. ಒಂದು ಯೋಚನೆ, ಇನ್ನೊಂದು ನೆನಪು. ಯೋಚನೆ ಮರಳದೇ ಹೋದೀತೆಂದು ಅವನಿಗೆ ಹೆದರಿಕೆ, ನೆನಪಿನ ಬಗ್ಗೆ ಇನ್ನೂ ಹೆಚ್ಚು. ಅವನ ಸವಾರಿ ಎಂಟು ಕಾಲಿನ ಕುದುರೆ ಸ್ಲೀಪ್ನಿರ್, ಆಯುಧ ಗುರಿ ತಪ್ಪದ ಈಟಿ ಗುಂಗ್ನಿರ್. ಒಂಬತ್ತು ರಾತ್ರಿಗೊಮ್ಮೆ ತನ್ನಂಥದೇ ಎಂಟು ಉಂಗುರಗಳನ್ನು ಉದುರಿಸುವ ಡ್ರೌಪ್ನಿರ್ ಅವನ ಸಂಪತ್ತು. ತಟ್ಟೆಯ ಮಾಂಸವನ್ನೆಲ್ಲ ಗೆರಿ, ಫ್ರೆಕಿ ಎಂಬ ತೋಳಗಳಿಗೆ ಹಾಕಿ ತಾನು ಬರಿಯ ದ್ರಾಕ್ಷಾರಸದಲ್ಲೇ ಬದುಕುತ್ತಾನೆ. ಹಳೆಯ ಗ್ರಂಥಗಳಲ್ಲಿ ಅವನಿಗೆ 170ಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳಲ್ಲಿ ಬಹಳಷ್ಟು ವೇಷಕ್ಕೆ, ಅಲೆದಾಟಕ್ಕೆ, ಮೋಸಕ್ಕೆ ಸಂಬಂಧಪಟ್ಟವು.

ಯುದ್ಧದಲ್ಲಿ ಮಡಿದವರಲ್ಲಿ ಅರ್ಧ ಜನ ಫ್ರೇಯಾಳ ಪಾಲು, ಉಳಿದರ್ಧ ಓಡಿನ್‌ನದು. ವಾಲ್ಕಿರಿಗಳೆಂಬ ಕನ್ಯೆಯರು ಅವರನ್ನು ಆರಿಸಿ ವಾಲ್‌ಹಲ್ಲಾ ಎಂಬ ಮಹಾಭವನಕ್ಕೆ ತರುತ್ತಾರೆ. ಹಗಲೆಲ್ಲ ಅಲ್ಲಿ ಕಾಳಗ, ಸಂಜೆಗೆ ಎಲ್ಲರೂ ಎದ್ದು ಕುಳಿತು ಒಟ್ಟಿಗೆ ಊಟ. ಬೇಯಿಸಿದ ಹಂದಿ ಮರುದಿನ ಮತ್ತೆ ಜೀವಂತ. ಆ ಭವನಕ್ಕೆ 540 ಬಾಗಿಲು, ಕೊನೆಯ ಯುದ್ಧಕ್ಕೆ ಒಂದೊಂದರಿಂದ 800 ವೀರರು ಹೊರಡುತ್ತಾರೆ ಎಂದು ಎಡ್ಡಾದ ಲೆಕ್ಕ. ಗುಣಿಸಿದರೆ 4,32,000. ಕಲಿಯುಗದ ವರ್ಷಗಳೂ ಅಷ್ಟೇ. ಈ ಹೊಂದಿಕೆ ಹಲವರನ್ನು ಮರುಳು ಮಾಡಿದೆ. ಆದರೆ ಹಳೆಯ ನಾರ್ಸ್ ಎಣಿಕೆಯಲ್ಲಿ ನೂರು ಎಂದರೆ ಹೆಚ್ಚಾಗಿ 120. ಹಾಗೆ ಎಣಿಸಿದರೆ ಗುಣಲಬ್ಧವೇ ಬೇರೆಯಾಗುತ್ತದೆ. ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಸರಿಯಲ್ಲ.

ಓಡಿನ್‌ನನ್ನು ನಂಬಿದವರಿಗೆ ಅವನು ಕೈಕೊಡುತ್ತಾನೆ ಎಂಬುದು ಅವನ ಭಕ್ತರಿಗೇ ಗೊತ್ತಿತ್ತು. ಅವನು ಸಿಗ್ಮಂಡ್ ಎಂಬ ವೀರನಿಗೆ ಅಪೂರ್ವವಾದ ಕತ್ತಿ ದೊರಕುವಂತೆ ಮಾಡಿದ, ಮುಂದೊಂದು ದಿನ ರಣರಂಗದಲ್ಲಿ ತಾನೇ ಬಂದು ಈಟಿಯೊಡ್ಡಿ ಅದನ್ನು ಮುರಿದ. ದೊರೆ ವೀಕಾರ್‌ನ ಕಥೆ ಇನ್ನೂ ಘೋರ. ಗಾಳಿಗಾಗಿ ಓಡಿನ್‌ಗೆ ಬಲಿ ಕೊಡಬೇಕಾದಾಗ ಚೀಟಿ ಬಿದ್ದದ್ದು ದೊರೆಯ ಹೆಸರಿಗೆ. ತೋರಿಕೆಗೆ ಬಲಿ ಮಾಡಿದರಾಯಿತೆಂದು ಕರುವಿನ ಕರುಳನ್ನು ಅವನ ಕೊರಳಿಗೆ ಸುತ್ತಿ, ಜೊಂಡಿನ ಕಡ್ಡಿಯಿಂದ ತಿವಿದರು. ಕರುಳು ಗಟ್ಟಿ ಹಗ್ಗವಾಯಿತು, ಕಡ್ಡಿ ಈಟಿಯಾಯಿತು, ದೊರೆ ಸತ್ತ. ಇಂಥ ದ್ರೋಹಕ್ಕೆ ಕಾರಣ ಕೇಳಿದ ಪದ್ಯವೂ ಇದೆ. 954ರಲ್ಲಿ ಇಂಗ್ಲೆಂಡಿನಲ್ಲಿ ಹತನಾದ ನಾರ್ವೆಯ ದೊರೆ ಎರಿಕ್‌ನ ಕುರಿತ ಚರಮಗೀತೆಯಲ್ಲಿ, ಅಷ್ಟು ಧೀರನಿಂದ ಗೆಲುವು ಕಿತ್ತುಕೊಂಡದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಬೂದು ತೋಳ ದೇವತೆಗಳ ಮನೆಯತ್ತ ಕಣ್ಣಿಟ್ಟು ಕೂತಿದೆ ಎಂಬುದು ಓಡಿನ್ ಕೊಟ್ಟ ಉತ್ತರ. ಕೊನೆಯ ಯುದ್ಧಕ್ಕೆ ಅವನಿಗೆ ಒಳ್ಳೆಯ ಯೋಧರೇ ಬೇಕು, ಅವರು ಸತ್ತರೇ ಸಿಗುವುದು.

ಇಂಥ ದೇವರೊಡನೆ ಮನುಷ್ಯನ ಸಂಬಂಧ ಹೇಗಿದ್ದೀತೆಂಬುದನ್ನು ಐಸ್‌ಲ್ಯಾಂಡಿನ ಕವಿ ಎಗಿಲ್ ಸ್ಕಾಲಗ್ರಿಮ್ಸನ್ ತೋರಿಸಿದಷ್ಟು ಬೇರೆ ಯಾರೂ ತೋರಿಸಿಲ್ಲ. 960ರ ಸುಮಾರಿಗೆ ಅವನ ಮಗ ಬೋಡ್ವರ್ ಕಡಲಲ್ಲಿ ಮುಳುಗಿ ಸತ್ತ. ಅದಕ್ಕೂ ಮೊದಲೇ ಇನ್ನೊಬ್ಬ ಮಗ ಜ್ವರಕ್ಕೆ ತುತ್ತಾಗಿದ್ದ. ಎಗಿಲ್ ಕೋಣೆ ಸೇರಿ, ಅಗುಳಿ ಹಾಕಿಕೊಂಡು, ಅನ್ನ ಬಿಟ್ಟು ಮಲಗಿದ. ತಾನೂ ಸಾಯಲು ಬಂದಿದ್ದೇನೆಂದು ಒಳಹೊಕ್ಕ ಮಗಳು ತೋರ್ಗರ್ಡ್ ಉಪಾಯದಿಂದ ಅವನಿಗೆ ಹಾಲು ಕುಡಿಸಿದಳು. ಬೋಡ್ವರ್‌ನ ಮೇಲೊಂದು ಚರಮಗೀತೆ ಕಟ್ಟುವವರೆಗಾದರೂ ಬದುಕಿರಪ್ಪ, ನಾನು ಅದನ್ನು ಕೋಲಿನ ಮೇಲೆ ಕೊರೆಯುತ್ತೇನೆ ಎಂದಳು. ಆಗ ಹುಟ್ಟಿದ ಗೀತೆಯಲ್ಲಿ ಎಗಿಲ್, ಸ್ನೇಹ ಮುರಿದ ಓಡಿನ್‌ಗೆ ಮನಸಾರೆ ಪೂಜೆ ಸಲ್ಲಿಸಲಾರೆ ಎನ್ನುತ್ತಾನೆ. ಆದರೆ ತನಗೆ ಕುಂದಿಲ್ಲದ ಕವಿತ್ವ ಕೊಟ್ಟವನೂ ಅವನೇ ಎಂದು ಒಪ್ಪುತ್ತಾನೆ. ಹಾಡು ಮುಗಿಯುತ್ತ ಬಂದಂತೆ ಎಗಿಲ್ ಚೇತರಿಸಿಕೊಂಡು ಎದ್ದು ಕುಳಿತ. ಓಡಿನ್‌ನ ಬಗ್ಗೆ ಉಳಿದಿರುವ ಬರಹಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಅವನು ನಿಜಕ್ಕೂ ಎಲ್ಲರ ದೇವರಾಗಿದ್ದನೇ ಎಂದರೆ, ಇಲ್ಲ ಎನ್ನಬೇಕಾಗುತ್ತದೆ. ಓಡಿನ್ ದೊರೆಗಳ, ಯೋಧರ, ಆಸ್ಥಾನ ಕವಿಗಳ ದೇವರು. ರೈತರು, ಮೀನುಗಾರರು ಮೊರೆ ಹೋಗುತ್ತಿದ್ದುದು ಥಾರ್‌ನನ್ನು. ಐಸ್‌ಲ್ಯಾಂಡಿನ ಮೊದಲ ವಲಸಿಗರಲ್ಲಿ ಥಾರ್‌ನ ಹೆಸರು ಸೇರಿಸಿಕೊಂಡವರು ಅಸಂಖ್ಯ, ಓಡಿನ್‌ನ ಹೆಸರಿಟ್ಟುಕೊಂಡವರು ಇಲ್ಲವೇ ಇಲ್ಲ ಎನ್ನಬಹುದು. ಡೆನ್ಮಾರ್ಕಿನ ಓಡೆನ್ಸೆ, ಇಂಗ್ಲೆಂಡಿನ ವೆಡ್ನೆಸ್‌ಬರಿಯಂಥ ಊರುಗಳಲ್ಲಿ ಮಾತ್ರ ಅವನ ಹೆಸರು ನಿಂತಿದೆ. ಸ್ವೀಡನ್ನಿನ ಉಪ್ಸಾಲಾದ ದೇಗುಲದ ಬಗ್ಗೆ 1070ರ ದಶಕದಲ್ಲಿ ಬರೆದ ಬ್ರೆಮೆನ್ನಿನ ಆಡಮ್ ಎಂಬ ಪಾದ್ರಿ ಕೂಡ ನಡುವಿನ ಪೀಠ ಕೊಟ್ಟಿರುವುದು ಥಾರ್‌ಗೆ. ವೋಡನ್ ಪಕ್ಕದಲ್ಲಿ, ಆಯುಧ ತೊಟ್ಟು ನಿಂತಿದ್ದಾನೆ. ಒಂಬತ್ತು ವರ್ಷಕ್ಕೊಮ್ಮೆ ಮನುಷ್ಯರೂ ಸೇರಿದಂತೆ ಪ್ರತಿ ಜಾತಿಯ ಒಂಬತ್ತು ಗಂಡು ಜೀವಿಗಳನ್ನು ಬಲಿ ಕೊಟ್ಟು ತೋಪಿನಲ್ಲಿ ನೇತುಹಾಕುತ್ತಿದ್ದರೆಂದು ಅವನು ಬರೆದಿದ್ದಾನೆ. ಅವನು ಕಣ್ಣಾರೆ ಕಂಡವನಲ್ಲವಾದ್ದರಿಂದ ಎಷ್ಟು ನಂಬಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಕಲ್ಲು, ಲೋಹದಲ್ಲಿ ಉಳಿದ ಗುರುತುಗಳೂ ಅರಸು ಮನೆಗಳತ್ತಲೇ ಬೊಟ್ಟು ಮಾಡುತ್ತವೆ. ಇಂಗ್ಲೆಂಡಿನ ಸಟನ್ ಹೂ ಸಮಾಧಿಯಲ್ಲಿ 1939ರಲ್ಲಿ ಸಿಕ್ಕ 7ನೇ ಶತಮಾನದ ಶಿರಸ್ತ್ರಾಣದ ಎರಡೂ ಹುಬ್ಬುಗಳಿಗೆ ಕೆಂಪು ಗಾರ್ನೆಟ್ ಹರಳು ಕೂಡಿಸಲಾಗಿದೆ. ಒಂದು ಹುಬ್ಬಿನ ಹರಳುಗಳ ಹಿಂದೆ ಮಾತ್ರ ಹೊಳಪು ಕೊಡುವ ಚಿನ್ನದ ರೇಕಿದೆ, ಇನ್ನೊಂದರಲ್ಲಿ ಇಲ್ಲ. ಸಭಾಭವನದ ಬೆಂಕಿಯ ಬೆಳಕಿನಲ್ಲಿ ಅದನ್ನು ತೊಟ್ಟ ದೊರೆ ಒಕ್ಕಣ್ಣನಂತೆ ಕಂಡಿರಬೇಕು ಎಂಬುದು ಕೆಲವು ಪುರಾತತ್ವಜ್ಞರ ವಾದ. ಸ್ವೀಡನ್ನಿನ ಗೊಟ್ಲ್ಯಾಂಡ್ ದ್ವೀಪದ ಚಿತ್ರಶಿಲೆಗಳಲ್ಲಿ ಎಂಟು ಕಾಲಿನ ಕುದುರೆ ಇದೆ.

ಇಷ್ಟೆಲ್ಲ ತಿಳಿದ ಓಡಿನ್‌ಗೆ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ. ಎಲ್ಲರಿಗೂ ಪ್ರಿಯನಾದ ಬಾಲ್ಡರ್ ಲೋಕಿಯ ಕುತಂತ್ರದಿಂದ ಮಿಸಲ್‌ಟೋ ಕಡ್ಡಿ ತಗಲಿ ಸತ್ತ. ಚಿತೆಯೇರಿಸುವ ಮುನ್ನ ಅವನ ಕಿವಿಯಲ್ಲಿ ಓಡಿನ್ ಏನೋ ಉಸುರಿದ. ವಾಫ್‌ಥ್ರೂದ್ನಿರ್ ಎಂಬ ಜ್ಞಾನಿ ದೈತ್ಯನೊಡನೆ ತಲೆ ಒತ್ತೆಯಿಟ್ಟು ನಡೆಸಿದ ವಾದದಲ್ಲಿ ಓಡಿನ್ ಕೇಳುವ ಕೊನೆಯ ಪ್ರಶ್ನೆ ಅದೇ: ಆ ಮಾತು ಯಾವುದು? ದೈತ್ಯ ಸೋಲೊಪ್ಪಿದ. ಉತ್ತರವನ್ನು ಯಾವ ಗ್ರಂಥವೂ ಹೇಳಿಲ್ಲ. ತನ್ನ ಸಾವೂ ಓಡಿನ್‌ಗೆ ಗೊತ್ತು. ರಾಗ್ನರೋಕ್ ಎಂಬ ಅಂತಿಮ ಕಾಳಗದಲ್ಲಿ ಫೆನ್ರಿರ್ ತೋಳ ಅವನನ್ನು ನುಂಗುತ್ತದೆ. ಮಗ ವಿದಾರ್ ತೋಳನ ದವಡೆ ಸೀಳಿ ಸೇಡು ತೀರಿಸುತ್ತಾನೆ. ಓಡಿನ್ ಸತ್ತ ಪ್ರವಾದಿನಿಯನ್ನು ಎಬ್ಬಿಸಿ ಕೇಳಿದ್ದು, ಅಲೆದದ್ದು, ಯೋಧರನ್ನು ಕೂಡಿಹಾಕಿದ್ದು ಎಲ್ಲ ಈ ದಿನಕ್ಕಾಗಿ. ಸೋಲು ಖಚಿತವೆಂದು ತಿಳಿದೂ ಸಿದ್ಧತೆ ಬಿಡದ ಈ ಹಟವೇ ಅವನನ್ನು ಬೇರೆ ದೇವರಾಜರಿಂದ ಪ್ರತ್ಯೇಕಿಸುತ್ತದೆ. ಐಲ್ ಆಫ್ ಮ್ಯಾನ್ ದ್ವೀಪದ ಒಂದು ಕ್ರೈಸ್ತ ಶಿಲುಬೆಯ ಮೇಲೂ, ಭುಜದ ಮೇಲೆ ಹಕ್ಕಿ ಹೊತ್ತು ತೋಳನ ಬಾಯಿಗೆ ಸಿಕ್ಕ ಅವನ ಚಿತ್ರವಿದೆ.

ಮತಾಂತರದ ಕಾಲದಲ್ಲಿ ಸ್ಯಾಕ್ಸನ್ನರು ದೀಕ್ಷೆ ಪಡೆಯುವಾಗ ವೋಡೆನ್‌ನನ್ನು ಹೆಸರು ಹಿಡಿದು ತ್ಯಜಿಸಬೇಕಿತ್ತು. ಪೂಜೆ ನಿಂತಿತು, ಭಯ ಉಳಿಯಿತು. ಚಳಿಗಾಲದ ರಾತ್ರಿ ಬಿರುಗಾಳಿ ಎದ್ದರೆ ಅದು ಅವನ ಬೇಟೆಯ ಪಡೆ ಎಂದು ಸ್ವೀಡನ್, ಜರ್ಮನಿಯ ಹಳ್ಳಿಗರು ಶತಮಾನಗಳವರೆಗೆ ಹೇಳುತ್ತಿದ್ದರು. ಸುಗ್ಗಿಯಲ್ಲಿ ವೋಡನ್‌ನ ಕುದುರೆಗೆಂದು ಹೊಲದಲ್ಲಿ ಒಂದಿಷ್ಟು ಪೈರು ಬಿಡುವ ಪದ್ಧತಿ ಉತ್ತರ ಜರ್ಮನಿಯಲ್ಲಿ 16ನೇ ಶತಮಾನದಲ್ಲೂ ಇತ್ತು.

1876ರಲ್ಲಿ ಬೈರಾಯ್ಟ್‌ನಲ್ಲಿ ಪೂರ್ಣವಾಗಿ ಪ್ರದರ್ಶನಗೊಂಡ ರಿಚರ್ಡ್ ವಾಗ್ನರ್‌ನ ನಾಲ್ಕು ಸಂಗೀತ ನಾಟಕಗಳು ಅವನಿಗೆ ವೋಟನ್ ಎಂಬ ಹೆಸರಿನಲ್ಲಿ ಹೊಸ ಬದುಕು ಕೊಟ್ಟವು. ಟೋಲ್ಕಿನ್ ತನ್ನ ಗ್ಯಾಂಡಾಲ್ಫ್ ಪಾತ್ರವನ್ನು ಓಡಿನ್‌ನಂಥ ಅಲೆಮಾರಿಯಾಗಿ ಕಲ್ಪಿಸಿಕೊಂಡದ್ದಾಗಿ ಒಂದು ಪತ್ರದಲ್ಲಿ ಬರೆದಿದ್ದಾನೆ. ಅದೇ ಕಾಲದಲ್ಲಿ ಜರ್ಮನಿಯ ಜನಾಂಗವಾದಿಗಳು ಈ ದೇವರನ್ನು ತಮ್ಮ ರಕ್ತಶುದ್ಧಿಯ ಧ್ವಜ ಮಾಡಿಕೊಂಡರು. ಇಂದಿಗೂ ಕೆಲವು ಗುಂಪುಗಳು ಆ ಕೆಲಸ ಮುಂದುವರಿಸಿವೆ. ಮೂಲ ಕಥೆಗಳಲ್ಲಿ ಅದಕ್ಕೆ ಆಧಾರವೇ ಇಲ್ಲ. ಓಡಿನ್‌ನ ತಾಯಿ ದೈತ್ಯರ ಮಗಳು, ಥಾರ್‌ನ ತಾಯಿಯೂ ದೈತ್ಯ ಕುಲದವಳೇ. ಅವನಿಗೆ ಮಾಟವಿದ್ಯೆ ಬಂದದ್ದು ಒಮ್ಮೆ ಶತ್ರುವಾಗಿದ್ದ ದೇವಕುಲದ ಹೆಣ್ಣಿನಿಂದ. ತಿಳಿವಳಿಕೆಗಾಗಿ ಯಾರ ಬಾಗಿಲಿಗೂ ಹೋಗುವ ದೇವರನ್ನು ಶುದ್ಧ ರಕ್ತದ ಕಾವಲುಗಾರನಾಗಿ ನಿಲ್ಲಿಸುವುದು ಅವನ ಕಥೆಗೇ ಮಾಡುವ ಅಪಚಾರ.

ಐಸ್‌ಲ್ಯಾಂಡಿನಲ್ಲಿ ಹಳೆಯ ದೇವರುಗಳ ಅನುಯಾಯಿಗಳು 1972ರಲ್ಲಿ ಆಸಾತ್ರು ಸಂಘ ಕಟ್ಟಿದರು. ಮರುವರ್ಷ ಸರ್ಕಾರ ಅದಕ್ಕೆ ಧಾರ್ಮಿಕ ಸಂಸ್ಥೆಯ ಮಾನ್ಯತೆ ನೀಡಿತು. ಅದರ ಮೊದಲ ಮುಖ್ಯಸ್ಥ ಸ್ವೆಯಿನ್‌ಬ್ಯೋರ್ನ್ ಬೆಯಿನ್‌ಟೆಯಿನ್ಸನ್ ರೈತ, ಕವಿ, ಹಳೆಯ ಐಸ್‌ಲ್ಯಾಂಡಿಕ್ ಛಂದಸ್ಸಿನ ಪದ್ಯಗಳನ್ನು ರಾಗವಾಗಿ ಹಾಡುವುದರಲ್ಲಿ ಹೆಸರಾದವನು. 1993ರಲ್ಲಿ ಸಾಯುವವರೆಗೂ ಅವನೇ ಆ ಸಂಘವನ್ನು ನಡೆಸಿದ.